ಕಾಡ್ಗಿಚ್ಚಿನ ಕಾಲದಲ್ಲಿ ನಕ್ಷತ್ರ ನೋಡಲು ಹೊರಡುವ ಮುನ್ನ

ಕರ್ನಾಟಕದ ಹವ್ಯಾಸಿ ಆಕಾಶ ವೀಕ್ಷಕರಿಗೆ ವರ್ಷದಲ್ಲಿ ನೆಚ್ಚಿಕೊಳ್ಳಬಹುದಾದ ರಾತ್ರಿಗಳು ಸಿಗುವುದು ಸುಮಾರು ಆರು ತಿಂಗಳು ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು, ಅದರ ಬೆನ್ನಿಗೆ ಹಿಂಗಾರು. ನವೆಂಬರ್ ಕಳೆಯುತ್ತ ಬಂದಂತೆ ಆಕಾಶ ತಿಳಿಯಾಗತೊಡಗಿ ಏಪ್ರಿಲ್‌ವರೆಗೆ ಹಾಗೂ ಹೀಗೂ ಉಳಿಯುತ್ತದೆ. ಈ ಅವಧಿಯ ಎರಡನೆಯ ಅರ್ಧ ನಮ್ಮ ಒಣ ಕಾಡುಗಳಿಗೂ ಘಟ್ಟದ ಹುಲ್ಲುಗಾವಲುಗಳಿಗೂ ಬೆಂಕಿಯ ಕಾಲ. ದುರದೃಷ್ಟವೆಂದರೆ ನಾವು ಕಾದು ಕೂತು ನೋಡಬಯಸುವ ಬಹಳಷ್ಟು ಆಕಾಶಕಾಯಗಳು ಆ ಅರ್ಧದಲ್ಲೇ ಬರುತ್ತವೆ. ಆಕಾಶಗಂಗೆಯ ಕೇಂದ್ರಭಾಗ ಸಂಜೆಯ ಹೊತ್ತಿಗೆ ಕಾಣುವ ತಿಂಗಳುಗಳನ್ನು ಮಳೆಗಾಲ ನುಂಗಿಬಿಡುವುದರಿಂದ ನಮಗೆ ಅದನ್ನು ನೋಡಲು ಒದಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೆಳಗಿನ ಜಾವಗಳೇ. ಶಿಲುಬೆಯಾಕಾರದ ಪುಟ್ಟ ನಕ್ಷತ್ರಪುಂಜ ತ್ರಿಶಂಕು ಮತ್ತು ನಕ್ಷತ್ರಗಳ ದೊಡ್ಡ ಉಂಡೆಯಂತಿರುವ ಒಮೆಗಾ ಸೆಂಟಾರಿ ಗೋಳಗುಚ್ಛ ನಡುರಾತ್ರಿಯ ಆಸುಪಾಸಿನಲ್ಲಿ ದಕ್ಷಿಣದಲ್ಲಿ ತಮ್ಮ ಗರಿಷ್ಠ ಎತ್ತರಕ್ಕೆ ಬರುವುದು ಏಪ್ರಿಲ್ ನಡುವಿನಲ್ಲಿ. ಒಂದೇ ರಾತ್ರಿಯಲ್ಲಿ ಮೆಸ್ಸಿಯರ್ ಪಟ್ಟಿಯ 110 ಕಾಯಗಳನ್ನೂ (ನಕ್ಷತ್ರಗುಚ್ಛ, ನೀಹಾರಿಕೆ, ಗೆಲಾಕ್ಸಿ ಮುಂತಾದವು) ಹುಡುಕುವ ಮೆಸ್ಸಿಯರ್ ಮ್ಯಾರಥಾನ್‌ಗೆ ಹೇಳಿ ಮಾಡಿಸಿದ ರಾತ್ರಿಯೂ ಬಹುತೇಕ ವರ್ಷ ಯುಗಾದಿ ಅಮಾವಾಸ್ಯೆಯ ಹತ್ತಿರವೇ ಬೀಳುತ್ತದೆ.

ಆದ್ದರಿಂದ ಈ ತಿಂಗಳುಗಳಲ್ಲಿ ಮೋಡ ಇದೆಯೇ ಎಂದಷ್ಟೇ ಕೇಳಿ ಕಾರು ಹತ್ತಿದರೆ ಸಾಲದು. ಹೊಗೆ ಎಲ್ಲಿದೆ, ಅದು ಎತ್ತ ಸಾಗುತ್ತಿದೆ ಎಂದೂ ಕೇಳಬೇಕು. ಮೋಡ ಕಣ್ಣಿಗೆ ಕಾಣುತ್ತದೆ, ಹೊಗೆ ಎಷ್ಟೋ ಸಲ ಕಾಣುವುದಿಲ್ಲ.

ಹೊಗೆ ಮಾಡುವ ಕೆಲಸ

ಕಾಡ್ಗಿಚ್ಚಿನ ಹೊಗೆಯಲ್ಲಿರುವ ಬಹುಪಾಲು ಕಣಗಳ ಗಾತ್ರ ಬೆಳಕಿನ ತರಂಗಾಂತರಕ್ಕೆ ಸಮೀಪವಾಗಿರುವುದರಿಂದ ಅವು ಬೆಳಕನ್ನು ಚೆನ್ನಾಗಿ ಚದುರಿಸುತ್ತವೆ. ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ. ಹೊಗೆಯ ಮೂಲಕ ಚಂದ್ರ ತಾಮ್ರದ ತಟ್ಟೆಯಂತೆ ಕಾಣುವುದು ಇದರಿಂದಲೇ. ಗಾಳಿಯಲ್ಲಿರುವ ಕಣಗಳು ಎಷ್ಟು ಬೆಳಕನ್ನು ತಡೆಯುತ್ತವೆ ಎಂಬುದನ್ನು ಏರೋಸಾಲ್ ಆಪ್ಟಿಕಲ್ ಡೆಪ್ತ್ ಎಂಬ ಅಂಕಿಯಿಂದ ಹೇಳುತ್ತಾರೆ. ಅದು 0.1ರ ಹತ್ತಿರ ಇದ್ದರೆ ಆಕಾಶ ಶುಭ್ರ. 0.5 ಆದರೆ ನೆತ್ತಿಯ ಮೇಲಿನ ನಕ್ಷತ್ರ ಕಣಗಳ ದೆಸೆಯಿಂದಲೇ ಅರ್ಧ ಕಾಂತಿಮಾನದಷ್ಟು (ನಕ್ಷತ್ರಗಳ ಹೊಳಪನ್ನು ಅಳೆಯುವ ಮಾನ ಇದು) ಮಂಕಾಗುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಸಂಕಟವಿರುವುದು ಕೆಳಗೆ, ದಿಗಂತದ ಕಡೆ. 30 ಡಿಗ್ರಿ ಎತ್ತರದಲ್ಲಿರುವ ಕಾಯದ ಬೆಳಕು ಎರಡು ಪಟ್ಟು ಗಾಳಿಯನ್ನು ದಾಟಿ ಬರಬೇಕು, 14 ಡಿಗ್ರಿಯಲ್ಲಿರುವುದರ ಬೆಳಕು ಸುಮಾರು ನಾಲ್ಕು ಪಟ್ಟು.

ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಅಲ್ಲಿಂದ ಒಮೆಗಾ ಸೆಂಟಾರಿ ಏರುವುದು ಹೆಚ್ಚೆಂದರೆ 30 ಡಿಗ್ರಿಗೆ, ತ್ರಿಶಂಕುವಿನ ಬುಡದ ನಕ್ಷತ್ರ ಏರುವುದು ಬರೀ 14 ಡಿಗ್ರಿಗೆ. ಬೀದರ್, ಕಲಬುರಗಿ ಕಡೆಯವರಿಗೆ ಇವು ಇನ್ನೂ ಕೆಳಗೆ. ಮೇಲೆ ಹೇಳಿದ 0.5ರ ಹೊಗೆಯಲ್ಲಿ ಒಮೆಗಾ ಸೆಂಟಾರಿ ಒಂದು ಕಾಂತಿಮಾನ ಕಳೆದುಕೊಂಡರೆ, ತ್ರಿಶಂಕುವಿನ ಆ ನಕ್ಷತ್ರದ ಬೆಳಕಿನಲ್ಲಿ ಏಳೆಂಟರಲ್ಲಿ ಒಂದು ಪಾಲು ಮಾತ್ರ ನಮ್ಮನ್ನು ತಲುಪುತ್ತದೆ. ಉತ್ತರದ ದೇಶಗಳ ವೀಕ್ಷಕರು ನಮ್ಮ ಬಗ್ಗೆ ಅಸೂಯೆಪಡುವ ಆಕಾಶವೇ ಹೊಗೆಗೆ ಮೊದಲು ಬಲಿಯಾಗುತ್ತದೆ.

ಇನ್ನೊಂದು ಮೋಸವಿದೆ. ಊರುಗಳಿಂದ ದೂರದ ನಿಜವಾದ ಕತ್ತಲ ಜಾಗದಲ್ಲಿ ಹೊಗೆ ಆಕಾಶವನ್ನು ಬೆಳಗಿಸುವುದಿಲ್ಲ, ಇನ್ನಷ್ಟು ಕಪ್ಪಾಗಿಸುತ್ತದೆ. ಆಕಾಶದ ಕತ್ತಲನ್ನು ಅಳೆಯುವ ಮೀಟರ್ ಹಿಡಿದವರು ಒಳ್ಳೆಯ ಅಂಕಿ ಬಂತೆಂದು ಹಿಗ್ಗುತ್ತಾರೆ, ದೂರದರ್ಶಕದಲ್ಲಿ ಗೆಲಾಕ್ಸಿ ಮಾತ್ರ ಕಾಣುವುದಿಲ್ಲ. ನಗರದ ಹತ್ತಿರವಾದರೆ ಅದೇ ಹೊಗೆ ಬೀದಿದೀಪಗಳ ಬೆಳಕನ್ನು ಚದುರಿಸಿ ಆಕಾಶವನ್ನೇ ಬೂದು ಮಾಡುತ್ತದೆ.

ಮನೆಯಲ್ಲಿ ಕೂತು ನೋಡಬೇಕಾದದ್ದು

ಹೊರಡುವ ಮೂರು ದಿನ ಮೊದಲಿನಿಂದ ನಾಸಾದ ಫರ್ಮ್ಸ್ ನಕ್ಷೆಯನ್ನು ದಿನಕ್ಕೊಮ್ಮೆ ತೆರೆಯಿರಿ. ಉಪಗ್ರಹಗಳು ಗುರುತಿಸಿದ ಬಿಸಿ ಜಾಗಗಳು ಅದರಲ್ಲಿ ಕೆಂಪು ಚುಕ್ಕೆಗಳಾಗಿ ಕೆಲವೇ ಗಂಟೆಗಳಲ್ಲಿ ಮೂಡುತ್ತವೆ. ವಿಯರ್ಸ್ ಎಂಬ ಉಪಕರಣದ ಒಂದೊಂದು ಚುಕ್ಕೆ ಸುಮಾರು 375 ಮೀಟರ್ ಅಗಲದ ನೆಲಕ್ಕೆ ಸಮ. ಭಾರತೀಯ ಅರಣ್ಯ ಸರ್ವೇಕ್ಷಣೆಯೂ ಕಾಡಿನ ಬೆಂಕಿಗೆ ಇಂಥದೇ ಎಚ್ಚರಿಕೆ ಕೊಡುತ್ತದೆ, ಹೆಸರು ನೋಂದಾಯಿಸಿದವರ ಮೊಬೈಲಿಗೆ ಸಂದೇಶ ಬರುತ್ತದೆ. ಚುಕ್ಕೆಗಳನ್ನು ನೋಡಿ ಗಾಬರಿಯಾಗುವ ಮೊದಲು ಅವು ಇರುವುದು ಕಾಡಿನಲ್ಲೋ ಹೊಲದಲ್ಲೋ ಎಂದು ನೋಡಿ. ಮಂಡ್ಯದ ಕಡೆ ಕಬ್ಬಿನ ತರಗು, ಬೆಳಗಾವಿ, ಬಾಗಲಕೋಟೆ ಕಡೆಯ ಮಾತಿನಲ್ಲಿ ರವದಿ, ಅದಕ್ಕೆ ಹಚ್ಚಿದ ಬೆಂಕಿಯೂ ಚುಕ್ಕೆಯಾಗಿಯೇ ಕಾಣುತ್ತದೆ. ಅದು ಬೇಗ ಆರುತ್ತದೆ. ಗುಡ್ಡದ ಮೇಲೆ ಎರಡು ಮೂರು ದಿನ ಜಾಗ ಬದಲಿಸುತ್ತ ಸಾಲುಗಟ್ಟುವ ಚುಕ್ಕೆಗಳೇ ಕಾಡ್ಗಿಚ್ಚು. ಮೋಡ ಅಥವಾ ದಟ್ಟ ಮರಗಳ ಅಡಿಯಲ್ಲಿ ಹರಿದಾಡುವ ಸಣ್ಣ ಬೆಂಕಿ ಉಪಗ್ರಹಕ್ಕೆ ಸಿಗದೆಯೂ ಹೋಗಬಹುದಾದ್ದರಿಂದ ಚುಕ್ಕೆ ಇಲ್ಲವೆಂದರೆ ಬೆಂಕಿಯೇ ಇಲ್ಲ ಎಂದುಕೊಳ್ಳಬಾರದು. ನೀವು ಹೋಗುವ ಊರಿನಲ್ಲಿ ಒಬ್ಬರ ಪರಿಚಯವಿದ್ದರೆ ಒಂದು ಫೋನು ಮಾಡಿ ಕೇಳುವುದು ಎಲ್ಲ ನಕ್ಷೆಗಳಿಗಿಂತ ವಾಸಿ.

ಆಮೇಲೆ ಗಾಳಿ. ವಿಂಡಿಯಂಥ ಆ್ಯಪ್‌ನಲ್ಲಿ ನೆಲಮಟ್ಟದ ಗಾಳಿಯನ್ನಷ್ಟೇ ನೋಡದೆ 850 ಹೆಕ್ಟೊಪಾಸ್ಕಲ್ ಮಟ್ಟವನ್ನು, ಅಂದರೆ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಯನ್ನೂ ನೋಡಿ. ದೂರದ ಹೊಗೆ ಹೆಚ್ಚಾಗಿ ಅಲ್ಲಿ ಸಾಗುತ್ತದೆ. ಮೊದಲು ಹೇಳಿದ ಏರೋಸಾಲ್ ಅಂಕಿಯ ಮುನ್ಸೂಚನೆಯೂ ಅದೇ ಆ್ಯಪ್‌ನಲ್ಲಿ ಸಿಗುತ್ತದೆ. ನಾನು ಪಾಲಿಸುವ ಲೆಕ್ಕ ಒರಟಾದದ್ದು: 0.3ರ ಒಳಗಿದ್ದರೆ ಹೊರಡುತ್ತೇನೆ, 0.3ರಿಂದ 0.6ರವರೆಗೆ ನೋಡುವ ಪಟ್ಟಿಯನ್ನು ಬದಲಿಸುತ್ತೇನೆ, ಅದಕ್ಕಿಂತ ಹೆಚ್ಚಾದರೆ ಮನೆಯಲ್ಲಿರುತ್ತೇನೆ.

ಮೋಡಕ್ಕೆ ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹದ ಅವಕೆಂಪು ಚಿತ್ರ ಸಾಕು, ಅದು ರಾತ್ರಿಯೂ ಕೆಲಸ ಮಾಡುತ್ತದೆ. ಮಾರ್ಚ್ ಕೊನೆಯಿಂದ ಮಧ್ಯಾಹ್ನ ಹುಟ್ಟಿ ಸಂಜೆ ಸಿಡಿಲಿನೊಡನೆ ಸುರಿಯುವ ಮುಂಗಾರು ಪೂರ್ವದ ಮಳೆಗಳು ಶುರುವಾಗುತ್ತವೆ. ಆಗ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಮೊಬೈಲಿನಲ್ಲಿರಲಿ. ದೂರದಲ್ಲಿ ಗುಡುಗು ಕೇಳಿಸಿದರೂ ಬೋಳುಗುಡ್ಡದ ಮೇಲೆ ಲೋಹದ ಟ್ರೈಪಾಡ್ ಪಕ್ಕ ನಿಲ್ಲಬಾರದು. ಆದರೆ ಈ ಮಳೆಯನ್ನು ಶಪಿಸಬೇಡಿ. ಒಂದು ಒಳ್ಳೆಯ ಮಳೆ ಗಾಳಿಯಲ್ಲಿನ ಹೊಗೆ, ದೂಳುಗಳನ್ನು ತೊಳೆದುಹಾಕುವುದರಿಂದ ಅದರ ಮರುರಾತ್ರಿ ಮೋಡವೂ ಸರಿದರೆ ಇಡೀ ಬೇಸಿಗೆಯಲ್ಲಿ ಅಂಥ ಆಕಾಶ ಇನ್ನೊಮ್ಮೆ ಸಿಗುವುದು ಕಷ್ಟ. ನಮ್ಮ ಹಳ್ಳಿಗಳಲ್ಲಿ ಮಳೆಗಳಿಗೆ ನಕ್ಷತ್ರಗಳ ಹೆಸರೇ ಇದೆಯಲ್ಲ, ಭರಣಿ ಮಳೆ, ರೋಹಿಣಿ ಮಳೆ ಎಂದು. ಸೂರ್ಯ ಆ ನಕ್ಷತ್ರದಲ್ಲಿರುವಾಗ ಬರುವ ಮಳೆ ಅದು. ಹಾಗಾಗಿ ಭರಣಿ ಮಳೆ ಬಿದ್ದ ಮರುರಾತ್ರಿ ಎಷ್ಟೇ ತಿಳಿಯಾಗಿದ್ದರೂ ಭರಣಿ ನಕ್ಷತ್ರ ಮಾತ್ರ ಕಾಣುವುದಿಲ್ಲ.

ಜಾಗ ತಲುಪಿದ ಮೇಲೆ

ಮಾರ್ಚ್ ತಿಂಗಳ ನಡುವಿನಲ್ಲಿ ಸಂಜೆ ಏಳೂಮುಕ್ಕಾಲರ ಹೊತ್ತಿಗೆ ಕತ್ತಲಾಗುತ್ತಿದ್ದಂತೆ ದಕ್ಷಿಣಕ್ಕೆ ತಿರುಗಿ ಅಗಸ್ತ್ಯ ನಕ್ಷತ್ರವನ್ನು ನೋಡಿ. ಆಗ ಅದು ಸುಮಾರು 24 ಡಿಗ್ರಿ ಎತ್ತರದಲ್ಲಿರುತ್ತದೆ. ಬಳಿಕ ತಲೆ ಎತ್ತಿ ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ಕಾಲಿನಲ್ಲಿರುವ ರೈಗೆಲ್ ನಕ್ಷತ್ರವನ್ನು ನೋಡಿ. ಶುಭ್ರ ಆಕಾಶದಲ್ಲಿ ಅಗಸ್ತ್ಯ ಕೆಳಗಿದ್ದರೂ ರೈಗೆಲ್‌ಗಿಂತ ಸ್ಪಷ್ಟವಾಗಿ ಪ್ರಕಾಶಮಾನ. ಎರಡೂ ಸಮವಾಗಿ ಕಂಡರೆ, ಅಥವಾ ಬಿಳಿಯ ಅಗಸ್ತ್ಯ ಹಳದಿಗೆ ತಿರುಗಿ ರೈಗೆಲ್‌ಗಿಂತ ಮಂಕಾಗಿದ್ದರೆ ದಕ್ಷಿಣದಲ್ಲಿ ದಟ್ಟವಾದ ಹೊಗೆಯೋ ದೂಳೋ ಇದೆ, ಒಮೆಗಾ ಸೆಂಟಾರಿಗಾಗಿ ನಡುರಾತ್ರಿವರೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಈ ಪರೀಕ್ಷೆಗೆ ಉಪಕರಣ ಬೇಡ, ಎರಡು ನಿಮಿಷ ಸಾಕು.

ನನಗೆ ಇದನ್ನು ಕಲಿಸಿದ್ದು ಮಲೆನಾಡಿನ ಅಂಚಿನ ಒಂದು ಕಾಫಿ ತೋಟದಲ್ಲಿ ಕಳೆದ ಒಂದು ಮಾರ್ಚ್ ರಾತ್ರಿ. ಉಪಗ್ರಹ ಚಿತ್ರದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ದೂರದರ್ಶಕ ಜೋಡಿಸಿ ದಕ್ಷಿಣಕ್ಕೆ ತಿರುಗಿಸಿದರೆ ಅಲ್ಲಿ ನಕ್ಷತ್ರಗಳೇ ಇಲ್ಲ. ತೆಳುಮೋಡವಿರಬೇಕು, ಸರಿದುಹೋಗುತ್ತದೆ ಎಂದು ಒಂದು ಗಂಟೆ ಕಾದೆವು. ತೋಟ ನೋಡಿಕೊಳ್ಳುವವರು ಟಾರ್ಚ್ ಹಿಡಿದು ಬಂದವರು ನಕ್ಕು, "ಇದು ಮೋಡ ಅಲ್ಲ ಸಾರ್, ಆಚೆ ಗುಡ್ಡಕ್ಕೆ ಬೆಂಕಿ ಬಿದ್ದು ಮೂರು ದಿನ ಆಯ್ತು," ಎಂದರು. ಅದಾದ ಸ್ವಲ್ಪ ಹೊತ್ತಿಗೆ ಐಪೀಸ್ (ದೂರದರ್ಶಕದಲ್ಲಿ ಕಣ್ಣಿಡುವ ಕಡೆಯ ಮಸೂರ) ಇಟ್ಟಿದ್ದ ತಟ್ಟೆಯ ಮೇಲೆ ಹುಲ್ಲಿನ ಆಕಾರ ಹಾಗೆಯೇ ಉಳಿದಿದ್ದ ಒಂದು ಕರಿ ಎಸಳು ಬಂದು ಕೂತಿತು. ಬೆರಳು ತಾಗಿಸಿದರೆ ಪುಡಿಯಾಯಿತು. ಹೊಗೆ ನೂರಾರು ಕಿಲೋಮೀಟರ್ ಸಾಗಬಲ್ಲದು, ಆದರೆ ಆಕಾರ ಉಳಿಸಿಕೊಂಡ ಬೂದಿ ಬೀಳುತ್ತಿದೆಯೆಂದರೆ ಬೆಂಕಿ ಹತ್ತಿರದಲ್ಲಿದೆ ಎಂದೇ ತಿಳಿಯಬೇಕು. ಹತ್ತು ಗಂಟೆಗೆ ಗಂಟುಮೂಟೆ ಕಟ್ಟಿದೆವು.

ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ ಹೊಗೆ ಕಣಿವೆಗಳಿಗೆ ಇಳಿದು ನಿಲ್ಲುತ್ತದೆ. ಗಾಳಿಯ ತೇವ ಏರಿದಂತೆ ಕಣಗಳು ನೀರು ಹೀರಿ ಉಬ್ಬುವುದರಿಂದ ಹನ್ನೊಂದಕ್ಕೆ ಪರವಾಗಿಲ್ಲ ಎನಿಸಿದ ಆಕಾಶ ಮೂರು ಗಂಟೆಗೆ ಹಾಲು ಬೆರೆಸಿದಂತಾಗುತ್ತದೆ. ಎತ್ತರದ ಜಾಗ ಆಗ ಅನುಕೂಲ ನಿಜ, ಆದರೆ ಅದೇ ಎತ್ತರ ಬೆಂಕಿಯ ದೃಷ್ಟಿಯಿಂದ ಅಪಾಯ: ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಬಹಳ ವೇಗವಾಗಿ ಓಡುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಒಣಹುಲ್ಲಿನ ಬೆಂಕಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ಸತ್ತರು. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚಿದಾಗ ಬೇರೆ ದಾರಿಯಿಂದ ಗುಡ್ಡ ಹತ್ತುವ ಜಾಣತನವನ್ನು ಯಾರೂ ತೋರಿಸಬಾರದು. ಈ ತಿಂಗಳುಗಳಲ್ಲಿ ನನ್ನ ಆಯ್ಕೆ ಕಾಡಿನಿಂದ ದೂರದ ಚಳ್ಳಕೆರೆ, ಪಾವಗಡ ಕಡೆಯ ಬಯಲು; ಅಲ್ಲಿ ಉತ್ತ ಹೊಲದ ನಡುವೆ, ಮಾಲೀಕರನ್ನು ಕೇಳಿ, ಟೆಲಿಸ್ಕೋಪ್ ಇಡುವುದು.

ಎಲ್ಲಿಯೇ ಆದರೂ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಕಾದ ಸೈಲೆನ್ಸರ್‌ನಿಂದಲೇ ಹುಲ್ಲು ಹೊತ್ತಿಕೊಳ್ಳಬಹುದು. ಮೂತಿ ರಸ್ತೆಯ ಕಡೆ ಇರಲಿ. ಚಳಿಯೆಂದು ಬೆಂಕಿ ಹಾಕುವುದಂತೂ ಕೂಡದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದಕ್ಕೂ ಅದು ಶತ್ರು. ಬೆಂಕಿ ಕಂಡರೆ 112ಕ್ಕೆ ಕರೆ ಮಾಡಿ. ಉಬ್ಬಸ ಇರುವವರನ್ನು ಹೊಗೆಯ ರಾತ್ರಿಗೆ ಕರೆದೊಯ್ಯಬೇಡಿ, ಉಳಿದವರಿಗೂ ಕರವಸ್ತ್ರ ಸಾಲದು, ಎನ್95 ಮಾಸ್ಕ್ ಬೇಕು. ಹೊಗೆಯಲ್ಲಿ ಕೆಂಪಗೆ ಸೌಮ್ಯವಾಗಿ ಕಾಣುವ ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಫಿಲ್ಟರ್ ಇಲ್ಲದ ದುರ್ಬೀನಿನಿಂದಾಗಲಿ ನೋಡಲೇಬಾರದು.

ಹೊಗೆ ತೆಳುವಾಗಿದ್ದು ಅಪಾಯವೇನೂ ಇಲ್ಲದಿದ್ದರೆ ಹೋದ ಪ್ರಯಾಣ ವ್ಯರ್ಥವಾಗಬೇಕಿಲ್ಲ. ಹೊಗೆಯನ್ನು ನೆಲದ ಹತ್ತಿರ ಹಿಡಿದಿಡುವ ನಿಶ್ಚಲ ಗಾಳಿ ಬಿಂಬವನ್ನು ಅಲುಗಿಸುವುದೂ ಕಡಿಮೆಯಾದ್ದರಿಂದ ಗ್ರಹಗಳು, ಚಂದ್ರನ ಕುಳಿಗಳು, ಜೋಡಿ ನಕ್ಷತ್ರಗಳು ಇಂಥ ರಾತ್ರಿ ಅಚ್ಚರಿಯಾಗುವಷ್ಟು ಸ್ಥಿರವಾಗಿ ನಿಲ್ಲುವುದುಂಟು. ಗೆಲಾಕ್ಸಿಗಳನ್ನು ಬಿಟ್ಟು, ನೆತ್ತಿಯ ಸುತ್ತ 50 ಡಿಗ್ರಿಗಿಂತ ಮೇಲಿರುವುದನ್ನೇ ಆರಿಸಿಕೊಳ್ಳಿ.

ಮನೆಗೆ ಮರಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಬೂದಿ ಗರಗರ ಕಣಗಳಿಂದ ಕೂಡಿದ್ದು, ನೀರು ತಾಗಿದರೆ ಕ್ಷಾರವಾಗುತ್ತದೆ. ದೂರದರ್ಶಕದ ಇಬ್ಬನಿ ಬಿದ್ದ ಕನ್ನಡಿಯ ಮೇಲೆ ಅದು ಕೂತು ಒಣಗಿದರೆ ಲೇಪನಕ್ಕೇ ಕುತ್ತು. ಆದರೂ ಅವಸರದಲ್ಲಿ ಬಟ್ಟೆಯಿಂದ ಒರೆಸಬೇಡಿ, ಒಂದೇ ಒರೆತಕ್ಕೆ ಗೀರು ಬೀಳುತ್ತದೆ. ರಬ್ಬರ್ ಬ್ಲೋವರ್‌ನಿಂದ, ಗಾಜನ್ನು ಕೆಳಮುಖವಾಗಿ ಹಿಡಿದು, ಊದಿ ಉದುರಿಸಿ. ಹೋಗದೆ ಉಳಿದದ್ದನ್ನು, ಅದು ಬಿಚ್ಚಬಹುದಾದ ಕನ್ನಡಿಯಾದರೆ, ಮೊದಲು ಧಾರಾಳ ನೀರಿನಲ್ಲಿ ಮುಟ್ಟದೆ ತೊಳೆದು, ಕೊನೆಗೆ ಡಿಸ್ಟಿಲ್ಡ್ ನೀರು ಹಾಯಿಸಿ, ಓರೆಯಾಗಿ ನಿಲ್ಲಿಸಿ ಆರಲು ಬಿಡಿ. ಚೀಲದ ಒಳಗನ್ನು ಬಿಸಿಲಿಗೆ ಕೊಡವಿ, ಇಲ್ಲವಾದರೆ ಅದೇ ಬೂದಿ ಮುಂದಿನ ಅಮಾವಾಸ್ಯೆಗೆ ಐಪೀಸ್ ಮೇಲೆ ಇರುತ್ತದೆ.