ಅಡ್ವಾನ್ಸ್ ದುಡ್ಡು ಮುಟ್ಟದೇ ಮೂರು ಮನೆ ಬಾಡಿಗೆಗೆ ಕೊಡ್ತಿರೋ ನನ್ನ ಅನುಭವ

ಮೈಸೂರಲ್ಲಿ ನಮ್ಮದು ಥರ್ಟಿ ಫಾರ್ಟಿ ಸೈಟು. ಕೆಳಗೆ ನಾವಿದೀವಿ, ಮೊದಲ್ನೇ ಫ್ಲೋರಲ್ಲಿ ಒಂದು ಟೂ ಬಿಎಚ್‌ಕೆ, ಅದರ ಮೇಲೆ ಎರಡು ಸಿಂಗಲ್ ಬೆಡ್‌ರೂಮ್. ಮೇಲಿನದೆಲ್ಲಾ ಲೋನ್ ಮಾಡಿ ಕಟ್ಟಿದ್ದು, ಬಾಡಿಗೆ ಬಂದ್ರೇನೇ ಇಎಂಐ ಹೋಗೋದು. ಯಜಮಾನ್ರದ್ದು ಶಿಫ್ಟ್ ಕೆಲಸ, ಹಂಗಾಗಿ ಬಾಡಿಗೆಯವರ ವ್ಯವಹಾರ ಪೂರ್ತಿ ನಂದೇ. ನಮ್ಮ ಥರ ಒಂದೆರಡು ಮನೆ ಬಾಡಿಗೆಗೆ ಕೊಡೋರಿಗೆ ನಾನು ಮೊದಲು ಹೇಳೋದು ಒಂದೇ ಮಾತು, ಅಡ್ವಾನ್ಸ್ ದುಡ್ಡು ನಮ್ದಲ್ಲ, ಅದನ್ನ ಮುಟ್ಟಬೇಡಿ.

ಕಟ್ಟಿಸುವಾಗ್ಲೇ ಈ ಪ್ರಶ್ನೆ ಬಂದಿತ್ತು. ಟೈಲ್ಸ್ ಹಾಕ್ಸೋಕೆ ದುಡ್ಡು ಸಾಲ್ತಿರ್ಲಿಲ್ಲ, ಎಲ್ರೂ ಹೇಳಿದ್ದು ಟೂ ಬಿಎಚ್‌ಕೆನ ಭೋಗ್ಯಕ್ಕೆ ಕೊಟ್ಬಿಡಿ, ಒಂದೇ ಸಲ ಲಕ್ಷಗಟ್ಲೆ ಕೈಗೆ ಬರುತ್ತೆ ಅಂತ. ಭೋಗ್ಯದಲ್ಲಿ ತಿಂಗಳ ಬಾಡಿಗೆ ಇರಲ್ಲ, ಅವಧಿ ಮುಗಿದ ಮೇಲೆ ಅಷ್ಟೂ ದುಡ್ಡು ವಾಪಸ್ ಕೊಡ್ಬೇಕು. ಟೈಲ್ಸಿಗೆ ಹಾಕಿದ ದುಡ್ಡು ಎಲ್ಲಿಂದ ವಾಪಸ್ ಬರುತ್ತೆ ಹೇಳಿ? ಇನ್ನೊಬ್ರನ್ನ ಹುಡುಕಿ ಅವರ ದುಡ್ಡು ಇಸ್ಕೊಂಡು ಇವರಿಗೆ ಕೊಡ್ಬೇಕು, ಆ ಇನ್ನೊಬ್ರು ಸಿಗೋವರೆಗೂ ಇವರು ಮನೆ ಬಿಡಲ್ಲ, ಇವರು ಬಿಡೋವರೆಗೂ ಅವರು ದುಡ್ಡು ಕೊಡಲ್ಲ. ಇದರ ಮೇಲೆ ಬ್ಯಾಂಕ್ ಲೋನೂ ಇದ್ದು ಕಂತು ನಿಂತ್ರೆ ಬ್ಯಾಂಕಿನವರು ಮನೆ ಹರಾಜಿಗೆ ಹಾಕ್ತಾರೆ, ಭೋಗ್ಯಕ್ಕೆ ಇದ್ದೋರ ದುಡ್ಡು ಸಿಕ್ಕಾಕೊಳ್ಳುತ್ತೆ. ನಾವು ಬೇಡ ಅಂತ ತೀರ್ಮಾನ ಮಾಡಿ ಟೈಲ್ಸ್ ಕೆಲ್ಸಾನೇ ನಾಲ್ಕು ತಿಂಗಳು ಮುಂದಕ್ಕೆ ಹಾಕಿದ್ವಿ.

ಈಗ ಸಿಂಗಲ್ ಬೆಡ್‌ರೂಮಿಗೆ 9,000 ಬಾಡಿಗೆ, 50,000 ಅಡ್ವಾನ್ಸ್. ಟೂ ಬಿಎಚ್‌ಕೆಗೆ 14,000, ಒಂದು ಲಕ್ಷ ಅಡ್ವಾನ್ಸ್. ಒಂದೊಂದು ಮನೆ ಅಡ್ವಾನ್ಸಿಗೂ ಒಂದೊಂದು ಎಫ್‌ಡಿ, ಬಂದ ದಿನವೇ ಹಾಕ್ಬಿಡ್ತೀನಿ. ಬಡ್ಡಿ ನಂದು, ಅಸಲು ಅವರ್ದು. ಮಗಳ ಕಾಲೇಜ್ ಫೀಸ್ ಕಟ್ಟೋ ಟೈಮಲ್ಲೂ ಅದಕ್ಕೆ ಕೈ ಹಾಕಿಲ್ಲ.

ಇದ್ರಿಂದ ಏನ್ ಲಾಭ ಅಂದ್ರೆ, ಮನೆ ಬಿಡೋ ದಿನ ನೋಡ್ಬೇಕು. ಹೋದ ವರ್ಷ ಮೇಲಿನ ಮನೇಲಿದ್ದ ನರ್ಸ್ ಹುಡುಗಿ ಊರಿಗೆ ಟ್ರಾನ್ಸ್‌ಫರ್ ಆಗಿ ಹೊರಟ್ಲು. ಸಾಮಾನೆಲ್ಲ ಇಳಿಸಿದ್ಮೇಲೆ ಅವಳೂ ನಾನೂ ಖಾಲಿ ಮನೇಲಿ ನಿಂತು ಒಂದೊಂದೇ ನೋಡ್ಕೊಂಡು ಬಂದ್ವಿ. ಬರುವಾಗ ತೆಗೆದಿದ್ದ ವಿಡಿಯೋ ನನ್ನ ಫೋನಲ್ಲಿತ್ತು, ಅವಳ ಫೋನಿಗೂ ಅವತ್ತೇ ಕಳ್ಸಿದ್ದೆ. ಬಚ್ಚಲು ಬಾಗಿಲಿನ ಕೆಳಗಡೆ ಉಬ್ಬಿತ್ತು, ಅದು ವಿಡಿಯೋದಲ್ಲೂ ಹಂಗೇ ಇದೆ, ಬಿಟ್ಟೆ. ಸಿಂಕ್ ಕೆಳಗಿನ ವೇಸ್ಟ್ ಪೈಪ್ ಒಡೆದಿತ್ತು, ಆಂಟಿ ಅದು ನಂದೇ, ಸಾಮಾನು ತಗುಲಿ ಒಡೀತು ಅಂತ ಅವಳೇ ಹೇಳಿದ್ಲು, 180 ರೂಪಾಯಿ. ಪೇಂಟಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಎಲ್ಲಾ ಕಡೆ ರೂಢಿ, ನಾನು ಹಂಗೆ ಕಣ್ಮುಚ್ಚಿ ಹಿಡಿಯಲ್ಲ, ಪೇಂಟರ್ ಹತ್ರ ರೇಟ್ ಮೊದಲೇ ಬರೆಸ್ಕೊಂಡಿರ್ತೀನಿ, ಅಷ್ಟೇ ಕಳೆಯೋದು. ಕರೆಂಟ್ ಮೀಟರ್ ಫೋಟೋ ಹಿಡ್ದು ಲೆಕ್ಕ ಹಾಕಿ, ಮಿಕ್ಕಿದ್ದು ಅಲ್ಲೇ ನಿಂತು ಟ್ರಾನ್ಸ್‌ಫರ್ ಮಾಡಿದೆ, ಆಮೇಲೆ ಕೀ ಇಸ್ಕೊಂಡೆ. ಅವಳ ಜಾಗಕ್ಕೆ ಬಂದಿರೋದು ಅವಳ ಆಸ್ಪತ್ರೆಯವರೇ. ನಾನು ಟು-ಲೆಟ್ ಬೋರ್ಡ್ ತೂಗುಹಾಕ್ಲೇ ಇಲ್ಲ, ಬ್ರೋಕರ್ ಬರ್ಲಿಲ್ಲ. ಆ ಓನರ್ ಅಡ್ವಾನ್ಸ್ ಸರಿಯಾಗಿ ಕೊಡ್ತಾರೆ ಅನ್ನೋ ಮಾತು ಹೋದ್ರೆ ಸಾಕು, ಬಾಡಿಗೆಯವರು ತಾವೇ ಬರ್ತಾರೆ.

ಮನೆ ಖಾಲಿ ಬೀಳೋದೇ ದೊಡ್ಡ ನಷ್ಟ, ಬಾಡಿಗೆ ಕಮ್ಮಿ ಇರೋದಲ್ಲ. ನಾನು 11 ತಿಂಗಳಿಗೊಂದ್ಸಲ 5 ಪರ್ಸೆಂಟ್ ಏರಿಸ್ತೀನಿ, 9,000ಕ್ಕೆ 450. ಪಕ್ಕದ ಬೀದೀಲಿ 10,000 ಇದೆ ಅಂತ 450ರ ಬದಲು ಒಟ್ಟಿಗೆ ಸಾವಿರ ಏರಿಸಿದ್ರೆ ಜಾಸ್ತಿ ಬರೋದು ತಿಂಗಳಿಗೆ 550, ವರ್ಷಕ್ಕೆ 6,600, ಅದಕ್ಕೆ ಅವರು ಬಿಟ್ಟೋಗಿ ಒಂದು ತಿಂಗಳು ಖಾಲಿ ಬಿದ್ರೆ 9,000 ಹೋಯ್ತು, ಪೇಂಟು ಪ್ಲಂಬರ್ ಬೇರೆ.

ಅದ್ರಲ್ಲೂ ಆಷಾಢದಲ್ಲಿ ಖಾಲಿ ಆದ್ರೆ ಶ್ರಾವಣದವರೆಗೆ ಯಾರೂ ಹಾಲು ಉಕ್ಕಿಸೋಕೆ ಬರಲ್ಲ, ನೋಡೋಕ್ ಬಂದೋರೂ ಶ್ರಾವಣ ಬರ್ಲಿ ಅಂತಾರೆ. ಧನುರ್ಮಾಸದಲ್ಲೂ ಅದೇ ಕಥೆ, ಸಂಕ್ರಾಂತಿ ಆಗ್ಬೇಕು. ಅದಕ್ಕೆ ಅಗ್ರಿಮೆಂಟಲ್ಲಿ ಎರಡು ತಿಂಗಳ ನೋಟಿಸ್ ಅಂತ ಬರೆಸಿದೀನಿ, ನಾನು ಬಿಡಿಸ್ಬೇಕಾದ್ರೂ ಅಷ್ಟೇ ಟೈಮ್ ಕೊಡ್ತೀನಿ. ಯುಗಾದಿ ಟೈಮಲ್ಲಿ ಎಲ್ಲಾ ಮನೆಗೂ ಒಬ್ಬಟ್ಟು ಕೊಡೋಕೆ ಹೋದಾಗ ಕೇಳ್ಬಿಡ್ತೀನಿ, ಈ ವರ್ಷ ಬಿಡೋ ಯೋಚ್ನೆ ಇದ್ರೆ ಈಗ್ಲೇ ಹೇಳಿ, ಸ್ಕೂಲ್ ಶುರುವಾಗೋ ಮುಂಚೆ ಬೇರೆಯವರು ಸಿಗ್ತಾರೆ ಅಂತ. ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ.

11 ತಿಂಗಳು ಯಾಕೆ ಅಂತ ಕೇಳ್ತಾರೆ. ಒಂದು ವರ್ಷ ಮೀರಿದ ಲೀಸ್ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆಗ್ಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ, ಅದಕ್ಕೆ. ಆದ್ರೆ 11 ತಿಂಗಳು ಮುಗಿದ್ರೂ ಹೊಸ ಪೇಪರ್ ಮಾಡ್ಸದೆ ಬಾಯಿ ಮಾತಲ್ಲೇ ವರ್ಷಗಟ್ಲೆ ಎಳೆಯೋರು ಜಾಸ್ತಿ, ಹಂಗೆ ಮಾಡ್ಬೇಡಿ, ಇ-ಸ್ಟಾಂಪ್ ಪೇಪರ್ ಮೇಲೆ ಪ್ರತಿ ಸಲ ಹೊಸದಾಗಿ ಮಾಡ್ಸಿ.

ಯಾರಿಗೆ ಕೊಡೋದು ಅನ್ನೋದಕ್ಕೆ ನಾನು ಜಾತಿ ಕೇಳಲ್ಲ, ನಾನ್‌ವೆಜ್ಜಾ ಅಂತಾನೂ ಕೇಳಲ್ಲ. ಎಲ್ಲಿ ಕೆಲಸ, ಎಷ್ಟು ಜನ ಇರ್ತೀರ, ಹಿಂದಿನ ಮನೆ ಯಾಕೆ ಬಿಟ್ರಿ, ಇಷ್ಟೇ ಕೇಳೋದು, ಆಧಾರ್ ಮತ್ತೆ ಆಫೀಸ್ ಐಡಿ ಕಾಪಿ ಇಸ್ಕೋತೀನಿ. ಸಾಧ್ಯ ಆದ್ರೆ ಹಿಂದಿನ ಓನರ್‌ಗೆ ಒಂದು ಫೋನ್.

ಇನ್ನು ಕಟ್ಟಿಸ್ತಿರೋರು ದಯವಿಟ್ಟು ಇದೊಂದು ಮಾಡಿ, ಒಂದೊಂದು ಮನೆಗೂ ಬೇರೆ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಲ್ಲಿರೋ ಕನೆಕ್ಷನ್ ನಂಬರ್), ಮತ್ತೆ ಸಂಪಿನ ಮೋಟರ್, ಮೆಟ್ಟಿಲ ಲೈಟು ಇವೆಲ್ಲ ನಿಮ್ಮ ಸ್ವಂತ ಮೀಟರ್‌ಗೆ. ಮೋಟರ್‌ನ ಬಾಡಿಗೆ ಮನೆ ಮೀಟರ್‌ಗೆ ಹಾಕಿದ್ರೆ ಜಗಳ ಗ್ಯಾರಂಟಿ. ಸರ್ಕಾರದ ಫ್ರೀ ಕರೆಂಟ್ ಸ್ಕೀಮ್ ಗೃಹಜ್ಯೋತಿ ಬಂದ್ಮೇಲಂತೂ, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು, ನಿಮ್ಮ ಮೋಟರ್ ಓಡಿದ್ದಕ್ಕೆ ಅವರ ಫ್ರೀ ಕರೆಂಟ್ ಹೋದ್ರೆ ಯಾರ್ ಸುಮ್ನಿರ್ತಾರೆ? ಹಳಬ್ರು ಬಿಡುವಾಗ ಅವರ ಆಧಾರ್‌ನ ನಿಮ್ಮ ಆರ್‌ಆರ್ ನಂಬರಿಂದ ಡಿ-ಲಿಂಕ್ ಮಾಡ್ಸಿ, ಇಲ್ಲಾಂದ್ರೆ ಹೊಸಬರು ಅರ್ಜಿ ಹಾಕೋಕೆ ಪರದಾಡ್ತಾರೆ, ಹಳಬ್ರಿಗೂ ಅವರ ಹೊಸ ಮನೇಲಿ ತೊಂದ್ರೆ. ನಾನು ಅಡ್ವಾನ್ಸ್ ವಾಪಸ್ ಕೊಡೋ ದಿನವೇ ಸರ್ಕಾರದ ಸೇವಾ ಸಿಂಧು ವೆಬ್‌ಸೈಟ್ ತೆಗ್ದು ಅವರ ಕೈಲೇ ಮಾಡ್ಸಿಬಿಡ್ತೀನಿ. ಬಾಡಿಗೆ ಲೇಟಾಯ್ತು ಅಂತ ಮಾತ್ರ ನೀರು, ಕರೆಂಟ್ ಕಟ್ ಮಾಡೋ ಕೆಲ್ಸಕ್ಕೆ ಯಾವತ್ತೂ ಹೋಗ್ಬೇಡಿ. ಮನೇಲಿ ಮಕ್ಕಳು, ವಯಸ್ಸಾದವರು ಇರ್ತಾರೆ, ಕಾನೂನೂ ಒಪ್ಪಲ್ಲ. ನೋಟಿಸ್ ಕೊಡಿ, ಕೂತು ಮಾತಾಡಿ.

ಇನ್ನು ಇನ್‌ಕಮ್ ಟ್ಯಾಕ್ಸ್ ವಿಷ್ಯ. ಬಾಡಿಗೆ ನಗದಲ್ಲಿ ತಗೊಂಡು ತೋರಿಸ್ದೇ ಇರೋರು ಸುಮಾರು ಜನ, ತೋರಿಸಿದ್ರೆ ಎಲ್ಲಾ ಹೋಗ್ಬಿಡುತ್ತೆ ಅನ್ನೋ ಭಯ. ಲೆಕ್ಕ ನೋಡಿ. ಮೂರು ಮನೆ ಸೇರಿ ತಿಂಗಳಿಗೆ 32,000, ವರ್ಷಕ್ಕೆ 3,84,000. ಕಟ್ಟಿದ ಕಂದಾಯ ಒಂದು 14,000 ಅಂತ ಕಳೀರಿ, 3,70,000. ಅದ್ರಲ್ಲಿ 30 ಪರ್ಸೆಂಟ್, ಅಂದ್ರೆ 1,11,000, ರಿಪೇರಿ ಮಾಡ್ಸಿದೀರೋ ಇಲ್ವೋ ಯಾವ ಬಿಲ್ಲೂ ಕೇಳದೆ ಬಿಡ್ತಾರೆ. ಉಳಿದ 2,59,000ದಲ್ಲಿ ಲೋನಿನ ಬಡ್ಡಿ ಕಳೀಬಹುದು, ಬಾಡಿಗೆಗೆ ಕೊಟ್ಟ ಮನೆಗೆ ಹೊಸ ರೆಜೀಮಲ್ಲೂ (ಹೊಸ ಟ್ಯಾಕ್ಸ್ ಪದ್ಧತಿ) ಕಳೀಬಹುದು, ಬಡ್ಡಿ ಬಾಡಿಗೆಗಿಂತ ಜಾಸ್ತಿ ಆಗಿ ಲಾಸ್ ಬಂದ್ರೆ ಅದನ್ನ ಸಂಬಳದಲ್ಲಿ ಕಳೆಯೋಕೆ ಮಾತ್ರ ಹೊಸದ್ರಲ್ಲಿ ಆಗಲ್ಲ, ಹಳೇದ್ರಲ್ಲಿ 2 ಲಕ್ಷದವರೆಗೆ ಆಗುತ್ತೆ. ಲೋನ್ ಶುರುವಿನ ವರ್ಷಗಳಲ್ಲಿ ಕಂತಲ್ಲಿ ಜಾಸ್ತಿ ಪಾಲು ಬಡ್ಡೀನೇ ಇರೋದ್ರಿಂದ ನಮ್ಮಂಥೋರಿಗೆ ಟ್ಯಾಕ್ಸ್ ಬೀಳೋದೇ ತೀರಾ ಕಮ್ಮಿ. ಕಂದಾಯ ಏಪ್ರಿಲಲ್ಲೇ ಕಟ್ಟಿ, 5 ಪರ್ಸೆಂಟ್ ರಿಯಾಯ್ತಿ ಸಿಗುತ್ತೆ.

ಅದಕ್ಕೆ ನಾನು ಬಾಡಿಗೆ ಅಕೌಂಟಿಗೇ ಹಾಕಿಸ್ಕೊಳ್ಳೋದು. ಎಚ್‌ಆರ್‌ಎ (ಸಂಬಳದಲ್ಲಿ ಬರೋ ಮನೆ ಬಾಡಿಗೆ ಭತ್ಯೆ) ಕ್ಲೇಮ್ ಮಾಡೋ ಬಾಡಿಗೆಯವರು ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಬಾಡಿಗೆ ಕೊಡ್ತಿದ್ರೆ ಓನರ್ ಪ್ಯಾನ್ ನಂಬರ್ ಕೊಡ್ಬೇಕಾಗುತ್ತೆ, ಅದನ್ನ ಕೊಡಲ್ಲ ಅನ್ನೋ ಓನರ್‌ಗಳಿಂದ ಬೇಸತ್ತು ಮನೆ ಬದಲಾಯಿಸಿದೋರು ನಮ್ಮ ಟೂ ಬಿಎಚ್‌ಕೆಲಿದಾರೆ. ನಾನು ಅಗ್ರಿಮೆಂಟಲ್ಲೇ ಪ್ಯಾನ್ ಬರೆಸಿರ್ತೀನಿ, ಅವರು ಕೇಳೋ ಪ್ರಮೇಯಾನೇ ಇಲ್ಲ.