ಟ್ಯಾಂಕಿಗೆ ಕಾಕಂಬಿ, ಮುಳ್ಳಿಗೆ ಅರ್ಧ ಮಿಲಿಮೀಟರ್

ಎರಡು ಮಳೆಗಾಲ ಕಳೆದವು. ನನ್ನ 1997ರ ಮಾರುತಿ 800ರ ಪೆಟ್ರೋಲ್ ಮುಳ್ಳು ನಿಜ ಹೇಳುತ್ತಿದೆ, ಫಿಲ್ಟರಿನಲ್ಲಿ ತುಕ್ಕಿನ ಒಂದು ಕಣವೂ ಕಂಡಿಲ್ಲ. ತುಕ್ಕು ತೆಗೆಯಲು ಟ್ಯಾಂಕಿಗೆ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ತುಂಬುತ್ತೇನೆ ಎಂದಾಗ ಪುಣೆ ಬಳಿಯ ಆಕುರ್ಡಿಯ ಗ್ಯಾರೇಜಿನವರು ನಕ್ಕಿದ್ದರು. ಚಿಕ್ಕೋಡಿಯಿಂದ ಬಂದಿದ್ದ ನಮ್ಮ ಕಾಕಾ, "ಕಾಕಂಬಿಯನ್ನು ಎಮ್ಮೆಗೆ ತಿನ್ನಿಸುತ್ತಾರೆ, ಮೋಟಾರಿಗೆ ಹಾಕುವುದುಂಟೇನೋ ತಮ್ಮಾ?" ಎಂದಿದ್ದರು. ಅವರೆಲ್ಲರಿಗೂ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ತೊಂದರೆ ಶುರುವಾದದ್ದು ಪುಣೆ-ಸಾತಾರಾ ದಾರಿಯ ಖಂಬಾಟಕಿ ಘಾಟಿನ ಏರಿನಲ್ಲಿ. ಮುಳ್ಳು ಅರ್ಧ ತೋರಿಸುತ್ತಿದ್ದಾಗಲೇ ಎಂಜಿನ್ ನಿಂತಿತು. ಟ್ಯಾಂಕ್ ಬರಿದಾಗಿದೆ ಎಂದುಕೊಂಡು ಐದು ಲೀಟರ್ ತರಿಸಿ ಹಾಕಿದೆ. ಎರಡು ಕಿಲೋಮೀಟರ್ ಏರಿ ಮತ್ತೆ ನಿಂತಿತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತಿತ್ತು. ಮೆಕ್ಯಾನಿಕ್ ಒಬ್ಬರು ಕಾರ್ಬ್ಯುರೇಟರ್ ಎಂದರು, ಎರಡು ಸಲ ಬಿಚ್ಚಿ ತೊಳೆದರು, ಸಲಕ್ಕೆ ಸಾವಿರದ ಇನ್ನೂರು. ಇನ್ನೊಬ್ಬರು ಪಂಪ್ ಎಂದರು. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಎಳೆದುಕೊಳ್ಳುವ ಸದ್ದು ಇರಲಿಲ್ಲ, ಆದ್ದರಿಂದ ಟ್ಯಾಂಕಿಗೆ ಗಾಳಿ ಬಿಡುವ ಕೊಳವೆ ಮುಚ್ಚಿಹೋಗಿಲ್ಲ ಎಂಬುದು ನನಗೆ ಅಲ್ಲೇ ಖಚಿತವಾಗಿತ್ತು. ಮುಳ್ಳಿನ ರೋಗ ಬೇರೆ, ಎಂಜಿನ್ನಿನ ರೋಗ ಬೇರೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಒಪ್ಪಲಿಲ್ಲ. ಎರಡರ ಬೇರೂ ಟ್ಯಾಂಕಿನೊಳಗಿತ್ತು.

ಮೊದಲು ಮೀಟರನ್ನು ನಿರ್ದೋಷಿ ಎಂದು ಸಾಬೀತು ಮಾಡಿಕೊಂಡೆ. ಟ್ಯಾಂಕಿನೊಳಗೆ ಫ್ಲೋಟ್ ಎಂಬ ತೇಲುಬುರುಡೆಯ ತೋಳಿನಿಂದ ಪೆಟ್ರೋಲ್ ಮಟ್ಟ ಅಳೆದು ಮುಳ್ಳಿಗೆ ತಿಳಿಸುವ ಭಾಗವೇ ಸೆಂಡರ್. ಅದರ ಹಳದಿ-ಕೆಂಪು ತಂತಿ ಕಳಚಿ, ನಡುವೆ 3.4 ವ್ಯಾಟಿನ ಬಲ್ಬ್ ಇಟ್ಟು ಕಾರಿನ ಲೋಹದ ಮೈಗೆ ಅರ್ಥ್ ಮಾಡಿದೆ. ಮುಳ್ಳು ನಿಧಾನವಾಗಿ ಎದ್ದಿತು. ಬಲ್ಬ್ ಇಲ್ಲದೆ ನೇರವಾಗಿ ಅರ್ಥಿಗೆ ಹಿಡಿದು ಮೀಟರ್ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಆಮೇಲೆ ಸೆಂಡರಿನ ವಿದ್ಯುತ್ ತಡೆ ಎಷ್ಟು ಓಂ ಎಂದು ಅಳೆದೆ: ಮೂವತ್ತನಾಲ್ಕೋ ಮೂವತ್ತೈದೋ. ಪೆಟ್ರೋಲ್ ಸುರಿದರೂ ಅಷ್ಟೇ, ತೆಗೆದರೂ ಅಷ್ಟೇ. ತುಂಬಿದಾಗ ಮೂರು-ನಾಲ್ಕು, ಬರಿದಾದಾಗ ನೂರಹತ್ತರ ಆಸುಪಾಸು ಬರಬೇಕು. ಫ್ಲೋಟಿನ ತೋಳು ಅರ್ಧದಲ್ಲಿ ಕಚ್ಚಿಕೊಂಡಿತ್ತು.

ಬ್ಯಾಟರಿ ಕಳಚಿ, ಬಯಲಿನಲ್ಲಿ ಟ್ಯಾಂಕ್ ಇಳಿಸಿದೆ. ಸೆಂಡರ್ ಹಿಡಿದಿದ್ದ ಸ್ಕ್ರೂಗಳಲ್ಲಿ ಎರಡು ಮುರಿದವು. ಒಳಗೆ ಟಾರ್ಚ್ ಬಿಟ್ಟರೆ ತಳದಲ್ಲಿ ಚಹಾಪುಡಿಯಂಥ ತುಕ್ಕು. ಹೀರುವ ಕೊಳವೆಯ ಜಾಲರಿಗೆ ಅದೇ ಪುಡಿ ಮೆತ್ತಿಕೊಂಡಿತ್ತು. ಏರಿನಲ್ಲಿ ಎಳೆತ ಹೆಚ್ಚಾದಾಗ ಜಾಲರಿ ಮುಚ್ಚುತ್ತದೆ, ಎಂಜಿನ್ ನಿಂತರೆ ಪುಡಿ ಕೆಳಗೆ ಉದುರುತ್ತದೆ. ಹತ್ತು ನಿಮಿಷದ ಗುಟ್ಟು ಇಷ್ಟೇ.

ಇನ್ನು ತುಕ್ಕು ತೆಗೆಯುವ ಕತೆ. ಇಲ್ಲಿ ನಾನು ಕಳೆದುಕೊಂಡ ದುಡ್ಡನ್ನೂ ಬರೆಯುತ್ತೇನೆ, ನಿಮ್ಮದು ಉಳಿಯಲಿ. ಫಾಸ್ಫಾರಿಕ್ ಆಮ್ಲ ಸುಮಾರು ಮುನ್ನೂರು ರೂಪಾಯಿ. ತೊಳೆದಾಗ ಹೊಳೆಯಿತು, ಜುಲೈ ತಿಂಗಳ ತೇವಕ್ಕೆ ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದರ ಮೇಲೆಯೇ ಸಾವಿರದ ಎಂಟುನೂರರ ಲೇಪನದ ಕಿಟ್ ಸುರಿದೆ. ಎಂಟು ತಿಂಗಳಿಗೆ ಅದು ಹಾವಿನ ಪೊರೆಯಂತೆ ಕಳಚಿ ಜಾಲರಿಗೆ ಸುತ್ತಿಕೊಂಡಿತು. ಆ ಪೊರೆಯನ್ನು ದ್ರಾವಕ ಹಾಕಿ ತೆಗೆಯುವುದಕ್ಕೇ ಒಂದು ವಾರ ಹೋಯಿತು. ಬಳಿಕ ವಾಷಿಂಗ್ ಸೋಡಾ ನೀರು, ಕಬ್ಬಿಣದ ಸರಳು, ಬ್ಯಾಟರಿ ಚಾರ್ಜರ್ ಇಟ್ಟು ವಿದ್ಯುತ್ ಹರಿಸಿದೆ. ಸರಳಿಗೆ ಎದುರಾಗಿದ್ದ ಗೋಡೆ ಶುದ್ಧವಾಯಿತು, ಟ್ಯಾಂಕಿನೊಳಗೆ ಅಡ್ಡವಾಗಿರುವ ಒಳತಡೆಯ ತಗಡಿನ ಹಿಂದಿನ ಮೂಲೆಗಳು ಹಾಗೆಯೇ ಉಳಿದವು. ಸರಳು ತಗುಲಿ ಚಾರ್ಜರ್ ಕೂಡ ಹೋಯಿತು. ಕಾರ್ಬ್ಯುರೇಟರಿನ ಖರ್ಚೂ ಸೇರಿ ಆರು ಸಾವಿರದ ಹತ್ತಿರ ನೀರಿಗೆ ಹೋಯಿತು.

ಕಾಕಂಬಿ ನೆನಪಾದದ್ದು ಊರಿನಿಂದ. ಕಬ್ಬಿನ ಸೀಮೆಯಲ್ಲಿ ಬೆಳೆದವನು ನಾನು. ಕಾಕಂಬಿಯ ಹಳೆಯ ಡಬ್ಬಿಯ ಒಳಮೈ ಬೂದುಬಣ್ಣಕ್ಕೆ ಬಂದಿದ್ದನ್ನು ಚಿಕ್ಕವನಿದ್ದಾಗ ನೋಡಿದ್ದೆ. ಅದು ತುಕ್ಕನ್ನು ಹಿಡಿದು ಕರಗಿಸುತ್ತದೆ, ಗಟ್ಟಿ ಉಕ್ಕನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಅಲ್ಯೂಮಿನಿಯಂ, ಸತುವನ್ನು ಮಾತ್ರ ತಿನ್ನುತ್ತದೆ, ಆದ್ದರಿಂದ ಸೆಂಡರ್ ಹೊರಗಿರಬೇಕು. ಪಶು ಆಹಾರದ ಅಂಗಡಿಯಿಂದ ನಾಲ್ಕೂವರೆ ಕೆಜಿ ತಂದೆ. ಒಂದು ಪಾಲಿಗೆ ಒಂಬತ್ತು ಪಾಲು ನೀರು, 28 ಲೀಟರಿನ ಟ್ಯಾಂಕ್ ಕಂಠಪೂರ್ತಿ. ಪೆಟ್ರೋಲಿನ ಜಿಡ್ಡನ್ನು ಮೊದಲು ಸಾಬೂನು ನೀರಿನಿಂದ ಮೂರು ಸಲ ತೆಗೆದಿದ್ದೆ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಮೂರನೆಯ ದಿನ ನೊರೆ ಬಂದಿತು. ಐದನೆಯ ದಿನ ಸಕ್ಕರೆ ಕಾರ್ಖಾನೆಯ ಚರಂಡಿಯ ವಾಸನೆ ಇಡೀ ಸೊಸೈಟಿಗೆ ಹಬ್ಬಿ, ಟ್ಯಾಂಕನ್ನು ಭೋಸರಿಯ ಗೆಳೆಯನ ಶೆಡ್ಡಿಗೆ ಸಾಗಿಸಬೇಕಾಯಿತು. ವಾಸನೆ ಇಳಿಸಲು ಅದಕ್ಕೆ ಏನು ಬೆರೆಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂಬತ್ತನೆಯ ದಿನ ಬೆರಳಿಗೆ ಕಪ್ಪು ಕೆಸರು ಬಂದಿತು. ಹದಿನಾರನೆಯ ದಿನ ಬಗ್ಗಿಸಿ ಸುರಿದಾಗ ಕಂಡದ್ದು ಬರಿಯ ಬೂದುಬಣ್ಣದ ಉಕ್ಕು. ಒಳತಡೆಯ ಹಿಂದೆಯೂ ಅದೇ ಬಣ್ಣ. ಮೇಲಿನ ಹೊಲಿಗೆಯ ಕೆಳಗೆ ಸ್ವಲ್ಪ ಉಳಿದಿದ್ದಕ್ಕೆ ಟ್ಯಾಂಕ್ ಮಗುಚಿ ಇನ್ನೂ ನಾಲ್ಕು ದಿನ ಇಟ್ಟೆ.

ತುಕ್ಕು ಹೋದಾಗ ಅದು ಮುಚ್ಚಿಟ್ಟಿದ್ದ ಎರಡು ಸೂಜಿರಂಧ್ರಗಳು ಬಯಲಾದವು. ಇಲ್ಲಿ ವೆಲ್ಡಿಂಗ್ ಬೇಡವೇ ಬೇಡ. ರಂಧ್ರದ ಹತ್ತಿರದವರೆಗೂ ನೀರು ತುಂಬಿ, ದಪ್ಪ ತಾಮ್ರದ ತುದಿಯ ಸೋಲ್ಡರಿಂಗ್ ಐರನ್ನನ್ನು ದೂರದಲ್ಲಿ ಕಾಯಿಸಿ ತಂದು ಬೆಸೆದೆ. ಬೆಂಕಿಯ ಜ್ವಾಲೆ ಹತ್ತಿರ ಸುಳಿಯಲಿಲ್ಲ. ಒಳಗೆ ಬಿಸಿನೀರು, ಅಡುಗೆ ಸೋಡಾ, ಕೂಡಲೇ ಕಂಪ್ರೆಸರ್ ಗಾಳಿ, ಆ ಕ್ಷಣವೇ ಅರ್ಧ ಲೀಟರ್ ಟೂ-ಸ್ಟ್ರೋಕ್ ಆಯಿಲ್ ಹೊರಳಿಸಿದೆ. ಈ ಹಂತದಲ್ಲಿ ಚಹಾಕ್ಕೆ ಎದ್ದು ಹೋದರೆ ತುಕ್ಕು ಮರಳಿ ಬರುತ್ತದೆ.

ಸೆಂಡರಿಗೆ ಪುಣೆಯ ನಾನಾಪೇಟೆಯಿಂದ ಆರುನೂರೈವತ್ತು ಕೊಟ್ಟು ನಕಲಿ ತಂದಿದ್ದೆ. ತೋಳು ಪೂರ್ತಿ ಕೆಳಗಿದ್ದರೂ ಎಂಬತ್ತೈದು ಓಂ ದಾಟಲಿಲ್ಲ. ಬರಿದಾದ ಟ್ಯಾಂಕಿನಲ್ಲೂ ಪೆಟ್ರೋಲ್ ಇದೆ ಎನ್ನುವ ಸುಳ್ಳ ಅದು. ಹಳೆಯದನ್ನೇ ಬಿಚ್ಚಿದೆ. ನಾವೆಲ್ಲ ಐದುನೂರು ರೂಪಾಯಿಯ ಪೆಟ್ರೋಲ್ ಹಾಕಿಸುವವರು, ಆದ್ದರಿಂದ ಫ್ಲೋಟ್ ಜೀವನವಿಡೀ ಕಾಲು-ಅರ್ಧದ ನಡುವೆಯೇ ಆಡಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಷ್ಟು ಭಾಗದ ಸುರುಳಿತಂತಿಯಲ್ಲಿ ಮಾತ್ರ ಗೆರೆ ಕೊರೆದಿತ್ತು, ಉಳಿದದ್ದು ಹೊಸದರಂತೆ. ಆ ತಂತಿಯ ಮೇಲೆ ಜಾರುವ, ತೋಳಿನ ತಾಮ್ರದ ನಾಲಗೆಯನ್ನು ಚಿಮುಟದಿಂದ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಬಗ್ಗಿಸಿದೆ. ನಾಲಗೆ ಸವೆಯದ ದಾರಿಗೆ ಬಂದಿತು. ಶಾಲೆಯ ರಬ್ಬರಿನಿಂದ ಉಜ್ಜಿ ಅಳೆದೆ: ನಾಲ್ಕರಿಂದ ನೂರಹನ್ನೆರಡರವರೆಗೆ ಎಲ್ಲೂ ತುಂಡಾಗದ ಏರಿಕೆ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕೈ ಸುಮ್ಮನೆ ಪಳಗಿಲ್ಲ.

ಆದರೂ ಟ್ಯಾಂಕ್ ಏರಿಸಿ ತುಂಬಿಸಿದಾಗ ಮುಳ್ಳು ಅರ್ಧದ ಕೆಳಗೇ ನಿಂತಿತು. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ನಾನೇ ಬಳಿದ ಹೊಸ ಬಣ್ಣ. ಬೋಲ್ಟಿನ ಕೆಳಗೆ ಬಣ್ಣ ಕುಳಿತು ಅರ್ಥಿಂಗ್ ಹೋಗಿ, ನಲವತ್ತು ಓಂ ಹೆಚ್ಚುವರಿ ಸೇರಿತ್ತು. ಬಣ್ಣ ಕೆರೆದು, ಟ್ಯಾಂಕಿನಿಂದ ಕಾರಿನ ಮೈಗೆ ಬೇರೆಯೇ ತಂತಿ ಎಳೆದೆ.

ನಡುವೆ ಇನ್ನೊಂದು ಪ್ರಯೋಗ. ಈಗಿನ ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು ಅಳತೆಯ ಗಾಜಿನ ಕೊಳವೆಗೆ 80 ಎಂಎಲ್ ಹಾಕಿ, 20 ಎಂಎಲ್ ನೀರು ಬೆರೆಸಿ ಕುಲುಕಿದೆ. ನಿಂತ ಮೇಲೆ ಕೆಳಪದರ 35ರ ಹತ್ತಿರ ಬಂದಿತ್ತು, ಎಥನಾಲ್ ನೀರಿನ ಜೊತೆ ಕೆಳಗಿಳಿದಿತ್ತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿಗೆ ನೀರು ಸೇರಿದರೆ ತಳದಲ್ಲಿ ನಿಲ್ಲುವುದು ಇದೇ ಪದರ. ಅಂದಿನಿಂದ, ತೇವದ ಗಾಳಿಗೆ ಒಳಗೆ ಜಾಗ ಸಿಗದಿರಲಿ ಎಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕನ್ನು ಮುಕ್ಕಾಲಿಗಿಂತ ಕೆಳಗೆ ಬಿಟ್ಟಿಲ್ಲ, ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಿಸಿದೆ.

ಕೊನೆಗೆ ಟ್ಯಾಂಕ್ ಬರಿದು ಮಾಡಿ ಎರಡೆರಡು ಲೀಟರ್ ಸುರಿಯುತ್ತಾ, ಮುಳ್ಳಿನ ಜಾಗವನ್ನು ಕಾಗದದ ಪಟ್ಟಿಯ ಮೇಲೆ ಗುರುತಿಸಿಕೊಂಡೆ. ಮುಳ್ಳು ಬರಿದಿನ ಗೆರೆ ಮುಟ್ಟಿದಾಗ ನನ್ನ ಕಾರಿನಲ್ಲಿ ಮೂರೂವರೆ ಲೀಟರ್ ಉಳಿದಿರುತ್ತದೆ. ಕಾಕಂಬಿ, ಬೆಸುಗೆ, ಬಣ್ಣ, ಕೊಳವೆ ಎಲ್ಲ ಸೇರಿ ಖರ್ಚು ಸಾವಿರದ ನಾನೂರು.

ಕಳೆದ ದೀಪಾವಳಿಗೆ ಖಂಬಾಟಕಿ ಏರಿ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಚಿಕ್ಕೋಡಿಗೆ ಹೋದೆವು. ಮುನ್ನೂರು ಕಿಲೋಮೀಟರಿನ ಆಸುಪಾಸು, ಎಲ್ಲೂ ನಿಲ್ಲಲಿಲ್ಲ. ಮನೆ ಮುಂದೆ ಕಾಗದದ ಪಟ್ಟಿ ಹಿಡಿದು ಕಾಕಾಗೆ ಮುಳ್ಳು ತೋರಿಸಿದೆ, ಹತ್ತು ಲೀಟರ್ ಉಳಿದಿದೆ ಎಂದೆ. ಅವರು ನಂಬದೆ ಕೊಡ ತರಿಸಿದರು, ಪೈಪ್ ಹಾಕಿ ಎಳೆದು ಅಳೆದರು. ಒಂಬತ್ತೂ ಮುಕ್ಕಾಲು ಬಂದಿತು.