‘ನನಗೆ ಲೆಕ್ಕ ಬರಲ್ಲ’ ಅನ್ನುವ ಮಾತಿಗೆ ಥರ್ಮಾಮೀಟರ್ ಇಡುವುದು ಹೇಗೆ

ವಾರ್ಡಿಗೆ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಸಲೈನಿನ ಲೆಕ್ಕ ಮಾಡುತ್ತಿದ್ದಳು. 500 ಮಿಲಿ, 4 ಗಂಟೆ, ಒಂದು ಮಿಲಿಗೆ 20 ಹನಿ ಬೀಳುವ ಸೆಟ್, ಅಂದರೆ ಸಲೈನ್ ಇಳಿಯುವ ನಳಿಕೆ. 500ನ್ನು 20ರಿಂದ ಗುಣಿಸಿ, 240 ನಿಮಿಷಕ್ಕೆ ಭಾಗಿಸಬೇಕು. ನಿಮಿಷಕ್ಕೆ 42 ಹನಿ ಅಂತ ಬರೆದಳು. ಸರಿಯಾಗಿತ್ತು. ಆಮೇಲೆ ಪಕ್ಕದವಳ ಹಾಳೆ ನೋಡಿದಳು. 42 ಅಳಿಸಿ 50 ಬರೆದಳು.

"ಯಾಕಮ್ಮ ಅಳಿಸಿದೆ?" ಅಂದೆ.

"ನಂಗೆ ಲೆಕ್ಕ ಬರಲ್ಲ ಸಿಸ್ಟರ್. ತಪ್ಪೇ ಇರುತ್ತೆ ಅನ್ಕೊಂಡೆ."

ಬೈಯಬೇಕಿತ್ತು. ಬಾಯಿ ಬರಲಿಲ್ಲ. 26 ವರ್ಷ ಹನಿ ಎಣಿಸಿದ ಮೇಲೂ ನಾನು ಅದೇ ಮಾತು ಹೇಳಿಕೊಂಡು ಓಡಾಡುತ್ತಿದ್ದೆ. ಅದೂ ನಗುನಗುತ್ತಾ. ‘ನನಗೆ ಓದೋಕೆ ಬರಲ್ಲ’ ಅಂತ ಯಾರೂ ನಗುತ್ತಾ ಹೇಳುವುದಿಲ್ಲ. ಲೆಕ್ಕದ ವಿಷಯಕ್ಕೆ ಮಾತ್ರ ಹಾಗೆ ಹೇಳುತ್ತೇವೆ, ಅಲ್ವಾ?

ಅವತ್ತು ಮನೆಗೆ ಹೋಗುವಾಗ ಒಂದು ಯೋಚನೆ ಬಂತು. ರೋಗಿ ‘ಜ್ವರ ಬಂದಿದೆ’ ಅಂದರೆ ನಾವು ಹೌದು ಅಂತಲೂ ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಥರ್ಮಾಮೀಟರ್ ಇಡುತ್ತೇವೆ. ಈ ‘ಬರಲ್ಲ’ ಅನ್ನುವುದಕ್ಕೆ ಯಾವತ್ತಾದರೂ ಥರ್ಮಾಮೀಟರ್ ಇಟ್ಟಿದ್ದೇನಾ? ಇಟ್ಟಿರಲಿಲ್ಲ. ಆಮೇಲೆ ಇಟ್ಟೆ. ಹೇಗೆ ಅಂತ ಹೇಳುತ್ತೇನೆ, ನೀವೂ ಮಾಡಿ ನೋಡಿ. ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಹದಿನೈದು ನಿಮಿಷ ಸಾಕು.

ಮೊದಲು ಆ ಮಾತನ್ನು ಬಿಡಿಬಿಡಿ ಮಾಡಿ

‘ಲೆಕ್ಕ’ ಅನ್ನುವುದು ಒಂದೇ ವಸ್ತು ಅಲ್ಲ. ಮಗ್ಗಿ ಬೇರೆ, ಭಿನ್ನರಾಶಿ ಬೇರೆ, ಶೇಕಡಾ ಬೇರೆ, ಬೀಜಗಣಿತ ಬೇರೆ, ನಕ್ಷೆ ನೋಡಿ ದೂರ ಅಂದಾಜು ಮಾಡುವುದು ಬೇರೆ. ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞರು 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ‘ಈ ಕೆಲಸ ನನ್ನ ಕೈಲಾಗುತ್ತೆ’ ಅನ್ನುವ ನಂಬಿಕೆ ಆಯಾ ಕೆಲಸಕ್ಕೆ ಬೇರೆ ಬೇರೆ ಇರುತ್ತದೆ, ಅದನ್ನು ಹಾಗೇ ಬಿಡಿಯಾಗಿ ಕೇಳಬೇಕು ಅಂತ. ನರ್ಸಿಗೆ ಇದು ಬೇಗ ಅರ್ಥವಾಗುತ್ತದೆ. ‘ಮೈ ಸರಿಯಿಲ್ಲ’ ಅಂತ ಬಂದವರನ್ನು ‘ಎಲ್ಲಿ ನೋವು?’ ಅಂತ ನಾವು ಕೇಳುವುದಿಲ್ಲವೇ?

ಹಾಳೆಯ ಮೇಲೆ ಹತ್ತು ಹನ್ನೆರಡು ಬಿಡಿ ಕೆಲಸ ಬರೆಯಿರಿ. 17ನ್ನು 6ರಿಂದ ಬಾಯಲ್ಲೇ ಗುಣಿಸುವುದು. 60ರಲ್ಲಿ ಶೇಕಡಾ 35 ಎಷ್ಟು ಅಂತ ಹೇಳುವುದು. 0.125 ಗ್ರಾಮನ್ನು ಮಿಲಿಗ್ರಾಮಿಗೆ ಬದಲಿಸುವುದು. ಮುಕ್ಕಾಲನ್ನು ಅರ್ಧದಿಂದ ಭಾಗಿಸುವುದು. ಒಂದೊಂದರ ಮುಂದೆಯೂ ‘ಬರುತ್ತೆ’, ‘ಬರಲ್ಲ’, ‘ಗೊತ್ತಿಲ್ಲ’ ಅಂತ ಬರೆಯಿರಿ. ನನ್ನ ಹಾಳೆಯಲ್ಲಿ ‘ಬರಲ್ಲ’ ಅನ್ನುವುದು ಮೂರೇ ಮೂರು ಸಲ ಬಂದಿತ್ತು. ಮೂರೂ ಭಿನ್ನರಾಶಿಗೆ ಸೇರಿದ್ದವು. ಎಷ್ಟೋ ವರ್ಷ ನಾನು ಹೇಳಿಕೊಂಡು ಬಂದಿದ್ದು ಅಷ್ಟರ ಬಗ್ಗೆ.

ಆಮೇಲೆ ಧೈರ್ಯಕ್ಕೂ ಅಂಕ ಕೊಡಿ

ಈ ಬರಹದಲ್ಲಿ ಒಂದೇ ಒಂದು ಮಾಡುತ್ತೀರಾದರೆ ಇದನ್ನು ಮಾಡಿ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಲೆಕ್ಕ ಮಾಡಿ ಮುಗಿಸಿ, ಉತ್ತರ ನೋಡುವ ಮೊದಲು, ಎಡಗಡೆ 1ರಿಂದ 5ರೊಳಗೆ ಒಂದು ಅಂಕೆ ಬರೆಯಿರಿ. 1 ಅಂದರೆ ‘ಖಂಡಿತ ತಪ್ಪು’, 5 ಅಂದರೆ ‘ಖಂಡಿತ ಸರಿ’. ಉತ್ತರ ನೋಡಿದ ಮೇಲೆ ಬಲಗಡೆ ಸರಿಯೋ ತಪ್ಪೋ ಬರೆಯಿರಿ. ಎಡಗಡೆಯ ಅಂಕೆಯನ್ನು ಯಾವ ಕಾರಣಕ್ಕೂ ಆಮೇಲೆ ತಿದ್ದಬೇಡಿ. ತಿದ್ದುವ ಆಸೆ ಆಗೇ ಆಗುತ್ತದೆ. ‘ಇದು ನಂಗೆ ಮೊದಲೇ ಗೊತ್ತಿತ್ತು’ ಅನ್ನುವ ಸುಳ್ಳು ತುಂಬಾ ಸಲೀಸಾಗಿ ಬರುತ್ತದೆ.

ನಾನು ಎರಡು ವಾರದಲ್ಲಿ 40 ಲೆಕ್ಕ ಮಾಡಿದೆ. 17ರ ಮುಂದೆ 1 ಅಥವಾ 2 ಅಂತ ಬರೆದಿದ್ದೆ. ಅವುಗಳಲ್ಲಿ 12 ಸರಿ. 11ರ ಮುಂದೆ 5 ಬರೆದಿದ್ದೆ, ಎದೆ ತಟ್ಟಿಕೊಂಡು. ಅವುಗಳಲ್ಲಿ 4 ತಪ್ಪು! ಹೆದರಿದ ಕಡೆ ಗೆದ್ದು, ಮೆರೆದ ಕಡೆ ಬಿದ್ದಿದ್ದೆ. ಆ ನಾಲ್ಕರಲ್ಲಿ ಒಂದು ಹೀಗಿತ್ತು: ಒಂದು ಸಂಖ್ಯೆಯನ್ನು ಶೇಕಡಾ 20 ಹೆಚ್ಚಿಸಿ, ಬಂದಿದ್ದನ್ನು ಶೇಕಡಾ 20 ಕಡಿಮೆ ಮಾಡಿದರೆ ಎಷ್ಟಾಗುತ್ತದೆ? ಮೊದಲಿನಷ್ಟೇ, ಅದಕ್ಕೇನು ಲೆಕ್ಕ ಬೇಕು ಅಂದುಕೊಂಡೆ. 100 ಇದ್ದದ್ದು 120 ಆಗುತ್ತದೆ. ಅದರಲ್ಲಿ ಶೇಕಡಾ 20 ಅಂದರೆ 24. ಉಳಿಯುವುದು 96.

ಆಗ ಹಳೆಯದೊಂದು ನೆನಪಾಯಿತು. ಕೆಲಸಕ್ಕೆ ಸೇರಿ ಏಳೆಂಟು ವರ್ಷವಾಗಿದ್ದಾಗ ಮಾಡಿದ ತಪ್ಪು. ಸೆಟ್ಟು ಬೇರೆ ಬಂದಿತ್ತು, ಮಿಲಿಗೆ 15 ಹನಿಯದು. ಲೇಬಲ್ ನೋಡದೆ ರೂಢಿಯಂತೆ 42 ಹನಿಗೆ ಇಟ್ಟೆ. ಇಡಬೇಕಾದ್ದು 31. ಹಾಗೇ ಬಿಟ್ಟಿದ್ದರೆ 4 ಗಂಟೆಯ ಸಲೈನ್ 3 ಗಂಟೆಗೇ ಮುಗಿಯುತ್ತಿತ್ತು. ಜೊತೆಗಿದ್ದವಳು ಐದೇ ನಿಮಿಷದಲ್ಲಿ ನೋಡಿದಳು, ಏನೂ ಆಗಲಿಲ್ಲ. ಆ ದಿನ ನನಗೆ ಒಂದಿಷ್ಟೂ ಭಯ ಇರಲಿಲ್ಲ. ಅದಕ್ಕೇ ನಾನು ಯಾರಿಗೂ ‘ಭಯ ಪೂರ್ತಿ ಬಿಡು’ ಅಂತ ಹೇಳುವುದಿಲ್ಲ. ಎರಡನೇ ಸಲ ನೋಡುವಷ್ಟು ಭಯ ಇರಲಿ.

ಪಕ್ಕದ ಹಾಳೆ ನೋಡುವ ಮೊದಲು ಅಂದಾಜು ಹಾಕಿ

ಆ ಹುಡುಗಿ 42 ಅಳಿಸಿದ್ದು ತನ್ನ ಉತ್ತರವನ್ನು ಪರೀಕ್ಷಿಸಲು ಬೇರೆ ದಾರಿ ಇಲ್ಲದೆ. ಒರಟಾದ ಅಂದಾಜು ಆ ದಾರಿ ಕೊಡುತ್ತದೆ. 4 ಗಂಟೆಗೆ 500 ಅಂದರೆ ಗಂಟೆಗೆ 125 ಮಿಲಿ. ಅಂದರೆ ನಿಮಿಷಕ್ಕೆ 2 ಮಿಲಿ, ಚೂರು ಜಾಸ್ತಿ. ಮಿಲಿಗೆ 20 ಹನಿಯಾದರೆ 40, ಚೂರು ಜಾಸ್ತಿ. 42 ಒಪ್ಪುತ್ತದೆ. 50 ಅಂದರೆ ನಿಮಿಷಕ್ಕೆ ಎರಡೂವರೆ ಮಿಲಿ. 4 ಗಂಟೆಗೆ 600 ಆಗಿಬಿಡುತ್ತದೆ, ಬಾಟಲಿಯಲ್ಲಿ ಅಷ್ಟು ಇಲ್ಲವೇ ಇಲ್ಲ.

ಇದನ್ನು ಅವಳಿಗೆ ತೋರಿಸಿದಾಗ ಅವಳ ಮುಖ ನೋಡಬೇಕಿತ್ತು. ಹೊಗಳಿದ್ದರೆ ಅಷ್ಟು ಅರಳುತ್ತಿರಲಿಲ್ಲ. ‘ನೀನು ಜಾಣೆ ಕಣಮ್ಮ’ ಅಂದರೆ ಮಾರನೇ ದಿನದ ಹೊತ್ತಿಗೆ ಇಳಿದುಹೋಗುತ್ತದೆ. ತನ್ನ ಉತ್ತರ ಸರಿ ಅಂತ ತಾನೇ ನೋಡಿಕೊಂಡದ್ದು ಹಾಗೆ ಇಳಿಯುವುದಿಲ್ಲ.

ತೂತು ಎಲ್ಲಿದೆ ಹುಡುಕಿ

ಗಣಿತದ ಪಾಠ ಒಂದರ ಮೇಲೊಂದು ಕೂರುತ್ತದೆ. ನಡುವೆ ಒಂದು ತಪ್ಪಿದರೆ ಮೇಲಿನದ್ದೆಲ್ಲ ಅಲ್ಲಾಡುತ್ತದೆ. ನಾನು ಚಿಕ್ಕವಳಿದ್ದಾಗ ಜ್ವರ ಬಂದು ಹತ್ತು ದಿನ ಶಾಲೆಗೆ ಹೋಗಿರಲಿಲ್ಲ. ವಾಪಸ್ ಹೋದಾಗ ಎಲ್ಲರೂ ಭಿನ್ನರಾಶಿಯನ್ನು ತಿರುಗಿಸಿ ಗುಣಿಸುತ್ತಿದ್ದರು. ಯಾಕೆ ತಿರುಗಿಸಬೇಕು ಅಂತ ಕೇಳಲು ನಾಚಿಕೆ. ಹತ್ತು ದಿನದ ಪಾಠ ತಪ್ಪಿತು ಅಂತ ನನಗೆ ಅನ್ನಿಸಲೇ ಇಲ್ಲ. ನನ್ನ ತಲೆಯೇ ಸರಿಯಿಲ್ಲ ಅನ್ನಿಸಿತು. ಆ ತೀರ್ಮಾನವನ್ನು ಆಮೇಲೆ ಯಾರೂ ತೆಗೆದು ನೋಡಲಿಲ್ಲ, ನಾನೂ ನೋಡಲಿಲ್ಲ.

ನಿಮ್ಮ ಪಟ್ಟಿಯಲ್ಲಿ ‘ಬರಲ್ಲ’ ಅಂತ ಇರುವುದನ್ನು ತೆಗೆದುಕೊಂಡು ಹಿಂದಕ್ಕೆ ಹೋಗಿ, ಸಲೀಸಾಗಿ ಬರುವ ಜಾಗ ಸಿಗುವವರೆಗೆ. ನಾಚಿಕೆ ಬೇಡ, ಮಕ್ಕಳ ಪುಸ್ತಕ ತೆಗೆಯಿರಿ. ನಾನು ಮುಕ್ಕಾಲನ್ನು ಅರ್ಧದಿಂದ ಭಾಗಿಸುವುದನ್ನು ಕಲಿತಿದ್ದು ಒಂದು ಕಾಗದದ ಪಟ್ಟಿಯಿಂದ. ನಾಲ್ಕು ಮಡಿಕೆ ಮಾಡಿ ಒಂದನ್ನು ಹರಿದು ಹಾಕಿದೆ. ಉಳಿದದ್ದು ಮುಕ್ಕಾಲು. ಅದರಲ್ಲಿ ಎಷ್ಟು ಅರ್ಧ ಇದೆ? ಒಂದು ಅರ್ಧ, ಇನ್ನೊಂದು ಅರ್ಧದ ಅರ್ಧ. ಒಂದೂವರೆ. ನಮ್ಮ ಭಾಷೆಯಲ್ಲೇ ಕಾಲು, ಅರ್ಧ, ಮುಕ್ಕಾಲು, ಒಂದೂವರೆ ಅಂತ ಎಲ್ಲಾ ಇತ್ತು. ಬಾಯಲ್ಲಿ ದಿನಾ ಆಡುತ್ತಿದ್ದೆ. ಅಂಕೆಯ ಕೆಳಗೆ ಅಂಕೆ ಬರೆದ ಕೂಡಲೇ ಅದು ಬೇರೆ ಏನೋ ಅಂದುಕೊಂಡಿದ್ದೆ.

ಒಂದು ಮಾತು. ಎಷ್ಟು ಹಿಂದೆ ಹೋದರೂ ಸಲೀಸಾದ ಜಾಗವೇ ಸಿಗದಿದ್ದರೆ, ಎರಡು ಸಂಖ್ಯೆಯಲ್ಲಿ ಯಾವುದು ದೊಡ್ಡದು ಅನ್ನುವುದೇ ಕಷ್ಟವಾದರೆ, ಅದು ಡಿಸ್‌ಕ್ಯಾಲ್ಕುಲಿಯ ಇರಬಹುದು. ಬುದ್ಧಿ ಚೆನ್ನಾಗಿರುವವರಲ್ಲೂ ಇರುವ ತೊಂದರೆ ಅದು. ಅದಕ್ಕೆ ನೋಟ್‌ಬುಕ್ ಸಾಲದು, ತಿಳಿದ ತಜ್ಞರ ಹತ್ತಿರ ಹೋಗಬೇಕು.

ಕೈ ಬೆವರಿದಾಗ

ಭಯ ಬಂದಾಗ ಗೊತ್ತಿರುವ ಲೆಕ್ಕವೂ ಮರೆತುಹೋಗುತ್ತದೆ. ಇದು ಬರೀ ಕಲ್ಪನೆ ಅಲ್ಲ. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಣಿತದ ಭಯ ಹೆಚ್ಚಿದ್ದವರು ಮುಖ್ಯವಾಗಿ ದಶಕ ಇರುವ ಕೂಡುವ ಲೆಕ್ಕದಲ್ಲಿ ಎಡವಿದರು. ದಶಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆ ಜಾಗದಲ್ಲಿ ‘ತಪ್ಪಾದರೆ ಏನು ಗತಿ’ ಅನ್ನುವ ಚಿಂತೆ ಬಂದು ಕೂತಿರುತ್ತದೆ.

ಹಾಗಾದರೆ ಮನಸ್ಸಿನ ಭಾರವನ್ನು ಕಾಗದಕ್ಕೆ ಇಳಿಸಿ. ದಶಕ ಬರೆಯಿರಿ. ನಡುವಿನ ಹೆಜ್ಜೆಗಳನ್ನೆಲ್ಲ ಬರೆಯಿರಿ. ಬಾಯಲ್ಲೇ ಮಾಡಿ ತೋರಿಸುವ ಚಟ ಬೇಡ.

ಪರೀಕ್ಷೆಗೆ ಮೊದಲು ಹತ್ತು ನಿಮಿಷ ಭಯದ ಬಗ್ಗೆಯೇ ಬರೆಯಿರಿ ಅನ್ನುವ ಸಲಹೆಯನ್ನೂ ನೀವು ಕೇಳಿರಬಹುದು. 2011ರ ಒಂದು ಅಧ್ಯಯನದಿಂದ ಅದು ತುಂಬಾ ಹೆಸರಾಯಿತು. 2018ರಲ್ಲಿ ಬೇರೆಯವರು ಆ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. ಹಾಗಾಗಿ ನಾನು ಅದನ್ನು ಔಷಧಿ ಅಂತ ಬರೆದುಕೊಡುವುದಿಲ್ಲ. ನನಗೆ ಬರೆದರೆ ಹಗುರ ಅನ್ನಿಸುತ್ತದೆ, ಬರೆಯುತ್ತೇನೆ, ಅಷ್ಟೇ.

ಯಾರ ಜೊತೆ ಅಳೆದುಕೊಳ್ಳುತ್ತಿದ್ದೀರಿ?

ಹರ್ಬರ್ಟ್ ಮಾರ್ಷ್ ಅನ್ನುವ ಸಂಶೋಧಕರು 1980ರ ದಶಕದಲ್ಲಿ ಎರಡು ಸಂಗತಿ ತೋರಿಸಿದರು. ಒಂದೇ ಮಟ್ಟದ ಮಗು ಜಾಣರ ತರಗತಿಯಲ್ಲಿ ಕೂತರೆ ತಾನು ದಡ್ಡ ಅಂದುಕೊಳ್ಳುತ್ತದೆ. ಎರಡನೆಯದು ನನಗೆ ನಾಟಿದ್ದು: ನಾವು ನಮ್ಮದೇ ಬೇರೆ ವಿಷಯಗಳ ಜೊತೆಗೂ ಹೋಲಿಸುತ್ತೇವೆ. ನಾನು ಭಾಷೆಯಲ್ಲಿ ಯಾವಾಗಲೂ ಮುಂದೆ. ಅದರ ಪಕ್ಕ ಇಟ್ಟಾಗ ಗಣಿತದ ಸಾಧಾರಣ ಅಂಕ ಸೋಲಿನ ಹಾಗೆ ಕಂಡಿತ್ತು.

ಬೇಗ ಮಾಡುವವರ ಜೊತೆ ಹೋಲಿಸುವುದಂತೂ ಬಿಟ್ಟೇಬಿಡಿ. ಗಣಿತಜ್ಞೆ ಮರಿಯಮ್ ಮಿರ್ಜಾಖಾನಿ 2014ರಲ್ಲಿ ಫೀಲ್ಡ್ಸ್ ಪದಕ ಪಡೆದರು. ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದು ಅದು, ಅದನ್ನು ಪಡೆದ ಮೊದಲ ಮಹಿಳೆ ಅವರು. ಅವರು ತಮ್ಮನ್ನು ನಿಧಾನದವಳು ಅಂತಲೇ ಕರೆದುಕೊಳ್ಳುತ್ತಿದ್ದರು. ಶಾಲೆಯಲ್ಲಿ ಒಂದು ವರ್ಷ ಅವರ ಗಣಿತದ ಶಿಕ್ಷಕರಿಗೆ ಈ ಹುಡುಗಿಯಲ್ಲಿ ಅಂಥ ಪ್ರತಿಭೆ ಕಂಡಿರಲಿಲ್ಲ, ಮರಿಯಮ್‌ಗೂ ಗಣಿತದ ಆಸಕ್ತಿ ಹೋಗಿತ್ತು. (ಐನ್‌ಸ್ಟೈನ್ ಗಣಿತದಲ್ಲಿ ಫೇಲಾಗಿದ್ದರು ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅದು ಸುಳ್ಳು. ಹದಿನೈದು ತುಂಬುವ ಮೊದಲೇ ಅವರು ಕಲನಶಾಸ್ತ್ರ ಕಲಿತಿದ್ದರು.)

ಇನ್ನು ಈ ಮಾತನ್ನು ಎಲ್ಲಿ ಆಡುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. 2012ರಲ್ಲಿ ಹಲವು ದೇಶಗಳ 15 ವರ್ಷದ ಮಕ್ಕಳನ್ನು ಪೀಸಾ ಸಮೀಕ್ಷೆಯಲ್ಲಿ ಕೇಳಿದಾಗ, ಸುಮಾರು ಶೇಕಡಾ 30ರಷ್ಟು ಮಕ್ಕಳು ಗಣಿತ ಮಾಡುವಾಗ ಕೈಚೆಲ್ಲಿದ ಹಾಗೆ ಆಗುತ್ತದೆ ಅಂದಿದ್ದರು. ಅಷ್ಟೇ ಅಂಕ ತೆಗೆಯುವ ಹುಡುಗರಿಗಿಂತ ಹುಡುಗಿಯರಿಗೆ ತಮ್ಮ ಮೇಲೆ ನಂಬಿಕೆ ಕಡಿಮೆ ಇತ್ತು. ವಾರ್ಡಿಗೆ ಕಲಿಯಲು ಬರುವ ಹುಡುಗಿಯರ ಮುಂದೆ ನಾನು ಎಷ್ಟು ಸಲ ನಗುತ್ತಾ ‘ಲೆಕ್ಕ ನಂಗೆ ಆಗಲ್ಲಪ್ಪ’ ಅಂದಿದ್ದೆನೋ. ಈಗ ಹಾಗೆ ಅನ್ನಬೇಕು ಅನ್ನಿಸಿದಾಗ ‘ಇದನ್ನು ಇನ್ನೊಂದು ಸಲ ನೋಡ್ತೀನಿ’ ಅನ್ನುತ್ತೇನೆ. ಮೊದಮೊದಲು ನಾಟಕ ಮಾಡಿದ ಹಾಗಿತ್ತು.

ಆ ಹುಡುಗಿಯೂ ನೋಟ್‌ಬುಕ್ ಇಟ್ಟಳು. ಮೂರನೇ ವಾರ ತಂದು ತೋರಿಸಿದಳು. ಎಡಗಡೆಯ ಕಾಲಂನಲ್ಲಿ 2, 2, 1, 2, 3 ಅಂತ ಸಾಲಾಗಿ ಇತ್ತು. ಬಲಗಡೆ ಎಲ್ಲ ಸರಿ. ಕೆಳಗೆ ಒಂದು ಕಡೆ ಮಾತ್ರ 4 ಅಂತ ಬರೆದಿದ್ದಳು, ಅದು ತಪ್ಪಾಗಿತ್ತು.

"ನೋಡಿ ಸಿಸ್ಟರ್, ಧೈರ್ಯ ಮಾಡಿದ್ರೆ ಹೀಗೆ," ಅಂದಳು.

ನಾನು ನನ್ನ ನೋಟ್‌ಬುಕ್ ತೆಗೆದು ಆ 96ರ ಪುಟ ತೋರಿಸಿದೆ. ಪಕ್ಕದಲ್ಲಿ ದಪ್ಪಗೆ ಬರೆದಿದ್ದ 5ನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.